ಹಳೆಯ ಕಾರುಗಳಿಗೆ ಬೇರೆ ಇಂಜಿನ್ ಮತ್ತು ಗೇರ್ ಬಾಕ್ಸ್ ಅಳವಡಿಕೆ: ಕಾನೂನಿನ ಸ್ಥಿತಿ ಮತ್ತು ಮಾಲೀಕರು ಗಮನಿಸಬೇಕಾದ ಅಂಶಗಳು

(ಸಾರ್ವಜನಿಕರ ಮಾಹಿತಿಗಾಗಿ)

ಹದಿನೈದು ವರ್ಷ ಪೂರೈಸಿದ ಕಾರಿನ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸಿದಾಗ, ಮೋಟಾರು ವಾಹನ ನಿರೀಕ್ಷಕರು ವಾಹನದ ಚಾಸಿ ಸಂಖ್ಯೆ ಹಾಗೂ ಇಂಜಿನ್ ಸಂಖ್ಯೆಯನ್ನು ನೋಂದಣಿ ಪ್ರಮಾಣಪತ್ರದೊಂದಿಗೆ ತಾಳೆ ನೋಡುತ್ತಾರೆ. ಇಂಜಿನ್ ಸಂಖ್ಯೆ ತಾಳೆಯಾಗದಿದ್ದಲ್ಲಿ ಅರ್ಜಿಯು ಅಲ್ಲಿಯೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕಾರು ಎರಡು ಮೂರು ಕೈ ಬದಲಾಗಿರಬಹುದು. ಇಂಜಿನ್ ಬದಲಾಯಿಸಿದವರು ಹಿಂದಿನ ಮಾಲೀಕರು. ಉತ್ತರ ಹೇಳಬೇಕಾದವರು ಇಂದಿನ ಮಾಲೀಕರು. ಕಾರಿಗೆ ಕೊಟ್ಟ ಹಣ, ಇಂಜಿನ್‌ಗೆ ಮಾಡಿದ ವೆಚ್ಚ ಎರಡೂ ಒಮ್ಮೆಲೇ ಸಂಕಷ್ಟಕ್ಕೆ ಸಿಲುಕುತ್ತವೆ. ಆದ್ದರಿಂದ ಈ ವಿಷಯದ ಬಗ್ಗೆ ಕಾನೂನಿನ ಸ್ಥಿತಿಯನ್ನು ಇಲ್ಲಿ ವಿವರಿಸಲಾಗಿದೆ.

1. ಒಂದು ಪರಿಚಿತ ಉದಾಹರಣೆ

ಅಂಬಾಸಿಡರ್ ಕಾರನ್ನು ಗಮನಿಸಬಹುದು. ದೀರ್ಘಕಾಲ ಈ ಕಾರು ಸುಮಾರು 1.5 ಲೀಟರ್ ಸಾಮರ್ಥ್ಯದ ಪೆಟ್ರೋಲ್ ಇಂಜಿನ್ ಮತ್ತು ನಾಲ್ಕು ಗೇರುಗಳೊಂದಿಗೆ ತಯಾರಾಗುತ್ತಿತ್ತು. 1990ರ ದಶಕದಲ್ಲಿ ತಯಾರಕರೇ 1.8 ಲೀಟರ್ ಇಸುಜು ಇಂಜಿನ್ ಮತ್ತು ಐದು ಗೇರುಗಳುಳ್ಳ ಮಾದರಿಯನ್ನು ಮಾರುಕಟ್ಟೆಗೆ ತಂದರು. 2014ರಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು.

ಹೊರನೋಟಕ್ಕೆ ಈ ಎರಡೂ ಕಾರುಗಳು ಹೆಚ್ಚುಕಡಿಮೆ ಒಂದೇ. ಆದರೆ ಕಾರ್ಖಾನೆಯಿಂದಲೇ ಇಸುಜು ಇಂಜಿನ್‌ನೊಂದಿಗೆ ಬಂದ ಕಾರಿನ ನೋಂದಣಿ ಪ್ರಮಾಣಪತ್ರದಲ್ಲಿ ಆ ಇಂಜಿನ್‌ನ ವಿವರವೇ ನಮೂದಾಗಿರುತ್ತದೆ. ಹಳೆಯ 1.5 ಲೀಟರ್ ಕಾರಿಗೆ ಗ್ಯಾರೇಜಿನಲ್ಲಿ ಅದೇ ಇಸುಜು ಇಂಜಿನ್ ಕೂರಿಸಿದರೆ ಪ್ರಮಾಣಪತ್ರದಲ್ಲಿರುವುದು ಒಂದು, ಬಾನೆಟ್ ಕೆಳಗಿರುವುದು ಇನ್ನೊಂದು ಎಂಬಂತಾಗುತ್ತದೆ. ಕಾನೂನು ನೋಡುವುದು ಈ ವ್ಯತ್ಯಾಸವನ್ನೇ.

2. ಅಧಿನಿಯಮ ಏನು ಹೇಳುತ್ತದೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52, ವಾಹನಗಳ ಮಾರ್ಪಾಡಿಗೆ ಸಂಬಂಧಿಸಿದ್ದಾಗಿದೆ. ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದು ಇದರ ಮೂಲ ನಿಯಮ. 2000ನೇ ಇಸವಿಯ ತಿದ್ದುಪಡಿಯಿಂದ ಕಲಂ ಈ ರೂಪ ಪಡೆಯಿತು.

ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ರಾಜ್ಯದ ನಿಯಮಾವಳಿಯನ್ನು ಆಧಾರವಾಗಿಟ್ಟುಕೊಂಡು ಅಧಿನಿಯಮದ ನಿಷೇಧವನ್ನು ಸಡಿಲಿಸಲಾಗದು, ನಿಯಮಗಳು ಅಧಿನಿಯಮಕ್ಕೆ ಅಧೀನವಾಗಿರತಕ್ಕದ್ದು ಎಂಬುದು ತೀರ್ಪಿನ ಸಾರ. ಅದೇ ವೇಳೆ, ಇಂಜಿನ್ ಕೆಟ್ಟುಹೋದಲ್ಲಿ ಅದೇ ತಯಾರಿಕೆಯ, ಅದೇ ಮಾನದಂಡದ ಇಂಜಿನ್ ಅನ್ನು ನೋಂದಣಿ ಪ್ರಾಧಿಕಾರದ ಅನುಮೋದನೆಯೊಂದಿಗೆ ಅಳವಡಿಸಲು ಅವಕಾಶವಿದೆ ಎಂಬುದೂ ತೀರ್ಪಿನಿಂದ ಸ್ಪಷ್ಟವಾಗುತ್ತದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ, ಕೆಟ್ಟ ಇಂಜಿನ್ ಜಾಗದಲ್ಲಿ ಅಂತಹುದೇ ಇಂಜಿನ್ ಹಾಕುವುದು ಬದಲಿ. ಬೇರೆ ಬಗೆಯ ಇಂಜಿನ್ ಹಾಕುವುದು ಮಾರ್ಪಾಡು. ಮೊದಲನೆಯದಕ್ಕೆ ದಾರಿಯಿದೆ. ಎರಡನೆಯದಕ್ಕೆ ಸಾಮಾನ್ಯ ಮಾಲೀಕರಿಗೆ ದಾರಿಯಿಲ್ಲ.

3. ಗೇರ್ ಬಾಕ್ಸ್ ವಿಷಯ

ಇಂಜಿನ್‌ನಂತೆ ಗೇರ್ ಬಾಕ್ಸ್ ಸಂಖ್ಯೆಯು ನೋಂದಣಿ ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಅದೇ ಮಾದರಿಯ ಗೇರ್ ಬಾಕ್ಸ್ ಬದಲಾಯಿಸುವುದು ದುರಸ್ತಿ ಕೆಲಸವಷ್ಟೇ. ಆದರೆ ಬೇರೆ ಮಾದರಿಯ ಗೇರ್ ಬಾಕ್ಸ್ ಕೂರಿಸಲು ಕಾರಿನ ತಳಭಾಗವನ್ನು ಕತ್ತರಿಸುವುದು, ಹೊಸದಾಗಿ ಬೆಸುಗೆ ಹಾಕುವುದು, ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಬದಲಿಸುವುದು ಅಗತ್ಯವಾದಲ್ಲಿ ಅದು ವಾಹನದ ರಚನೆಗೇ ಕೈ ಹಾಕಿದಂತಾಗುತ್ತದೆ.

4. ನಿರ್ಬಂಧದ ಹಿಂದಿನ ಕಾರಣಗಳು

ಈ ನಿರ್ಬಂಧವನ್ನು ಕೇವಲ ಕಾಗದಪತ್ರದ ವಿಷಯವೆಂದು ಭಾವಿಸಬಾರದು. ಹಳೆಯ ಕಾರಿನ ಬ್ರೇಕ್, ಸ್ಟೀರಿಂಗ್ ಮತ್ತು ಸಸ್ಪೆನ್ಷನ್‌ಗಳನ್ನು ಮೂಲ ಇಂಜಿನ್‌ನ ಭಾರ ಹಾಗೂ ಶಕ್ತಿಗೆ ಅನುಗುಣವಾಗಿ ರೂಪಿಸಲಾಗಿರುತ್ತದೆ. ಇಂಜಿನ್‌ನ ಶಕ್ತಿ ಹೆಚ್ಚಿ ಬ್ರೇಕ್ ಹಾಗೆಯೇ ಉಳಿದರೆ ಅಪಾಯಕ್ಕೀಡಾಗುವವರು ಕಾರಿನಲ್ಲಿರುವವರು ಮಾತ್ರವಲ್ಲ, ರಸ್ತೆಯಲ್ಲಿ ನಡೆದು ಹೋಗುವವರೂ ಹೌದು.

ಹೊಗೆಯ ಪ್ರಮಾಣಕ್ಕೂ ಇದೇ ಮಾತು ಅನ್ವಯಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಇಂಜಿನ್ ಆ ಮಾನದಂಡ ತಲುಪುವುದು ತನ್ನ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ, ಸೆನ್ಸರ್ ಹಾಗೂ ಕ್ಯಾಟಲಿಟಿಕ್ ಕನ್ವರ್ಟರ್‌ಗಳ ಜೊತೆಯಲ್ಲಿ. ಅವುಗಳನ್ನು ಬಿಟ್ಟು ಇಂಜಿನ್ ಮಾತ್ರ ತಂದು ಹಳೆಯ ಕಾರಿಗೆ ಹಾಕಿದರೆ ಕಾರು ಹೊಸ ಮಾನದಂಡಕ್ಕೆ ಏರುವುದಿಲ್ಲ.

5. ಕಾನೂನುಬದ್ಧವಾಗಿ ಲಭ್ಯವಿರುವ ಮಾರ್ಗಗಳು

ಅ) ಅದೇ ತಯಾರಿಕೆ ಮತ್ತು ಮಾದರಿಯ ಇಂಜಿನ್ ಅನ್ನು ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆದು ಅಳವಡಿಸುವುದು.

ಆ) ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ವಿದ್ಯುತ್ ಚಾಲನೆಗೆ, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಅನುಮೋದನೆಯಿರುವ ಕಿಟ್ ಮೂಲಕ ಪರಿವರ್ತಿಸುವುದು. ಪುಣೆಯ ಎ.ಆರ್.ಎ.ಐ. ಇಂತಹ ಸಂಸ್ಥೆಗಳಲ್ಲಿ ಒಂದು. ತಮ್ಮ ಕಾರಿನ ಮಾದರಿಗೆ ಆ ಕಿಟ್‌ನ ಅನುಮೋದನೆ ಅನ್ವಯಿಸುತ್ತದೆಯೇ ಎಂಬುದನ್ನು ಮುಂಗಡ ಹಣ ಕೊಡುವ ಮುನ್ನವೇ ಪರಿಶೀಲಿಸತಕ್ಕದ್ದು.

ಇ) ಐವತ್ತು ವರ್ಷಕ್ಕೂ ಹಳೆಯದಾದ ಕಾರನ್ನು ಮೂಲ ಸ್ಥಿತಿಯಲ್ಲಿಯೇ ಉಳಿಸಿಕೊಂಡು ವಿಂಟೇಜ್ ವಾಹನವಾಗಿ ನೋಂದಾಯಿಸುವುದು. ಇದಕ್ಕಾಗಿ ಕೇಂದ್ರ ಸರ್ಕಾರವು 2021ರಲ್ಲಿ ನಿಯಮಗಳನ್ನು ರೂಪಿಸಿತು. ಚಾಸಿ, ಬಾಡಿ ಅಥವಾ ಇಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಮಾಡಿದ ವಾಹನಕ್ಕೆ ಈ ಸೌಲಭ್ಯ ದೊರೆಯುವುದಿಲ್ಲ. ತಂದೆಯ ಕಾಲದ ಕಾರಿಗೆ ಇಂದು ಹಾಕುವ ಹೊಸ ಇಂಜಿನ್, ನಾಳೆ ಅದಕ್ಕೆ ಸಿಗಬಹುದಾದ ಈ ಮಾನ್ಯತೆಯನ್ನು ಕಳೆಯಬಲ್ಲದು.

6. ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಮೊದಲು ಅನುಮೋದನೆ, ಆಮೇಲೆ ಖರ್ಚು ಎಂಬ ಕ್ರಮವನ್ನು ತಪ್ಪಿಸಬಾರದು. ಗುಜರಿಯಿಂದ ತಂದ ಇಂಜಿನ್‌ಗೆ ಕೊಟ್ಟ ಹಣ ಅನುಮೋದನೆ ಸಿಗದಿದ್ದರೆ ಹಿಂದಿರುಗುವುದು ಕಷ್ಟ.

ಅ) ನೋಂದಣಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ ಮತ್ತು ಹೊಗೆ ತಪಾಸಣಾ ಪತ್ರದೊಂದಿಗೆ ತಮ್ಮ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಮುಂಚಿತವಾಗಿ ಸಂಪರ್ಕಿಸಿ ಅನುಮೋದನೆ ಕೋರತಕ್ಕದ್ದು.

ಆ) ಇಂಜಿನ್ ಖರೀದಿಸುವಾಗ ಇಂಜಿನ್ ಸಂಖ್ಯೆ ನಮೂದಿಸಿದ ಬಿಲ್ ಪಡೆಯತಕ್ಕದ್ದು. ಬಳಸಿದ ಇಂಜಿನ್ ಆಗಿದ್ದಲ್ಲಿ ಅದು ಯಾವ ವಾಹನದ್ದು ಎಂಬ ದಾಖಲೆಯನ್ನೂ ಕೇಳತಕ್ಕದ್ದು. ಸಂಖ್ಯೆ ಉಜ್ಜಿ ಅಳಿಸಿದ ಇಂಜಿನ್ ಅನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು. ಅದು ಕಳವಿನ ವಾಹನದ್ದಾಗಿರುವ ಸಂಭವವಿದೆ.

ಇ) ಕಾರು ಸಾಲದ ಕರಾರಿಗೆ ಒಳಪಟ್ಟಿದ್ದಲ್ಲಿ ಸಾಲ ನೀಡಿದವರ ಲಿಖಿತ ಒಪ್ಪಿಗೆ ಪಡೆಯುವುದು.

ಈ) ಬದಲಾವಣೆಯಾದ ಹದಿನಾಲ್ಕು ದಿನಗಳೊಳಗೆ ನಿಗದಿತ ಶುಲ್ಕದೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ಹೊಸ ಇಂಜಿನ್ ಸಂಖ್ಯೆಯನ್ನು ಪ್ರಮಾಣಪತ್ರದಲ್ಲಿ ನಮೂದು ಮಾಡಿಸಿಕೊಳ್ಳತಕ್ಕದ್ದು.

ಉ) ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸತಕ್ಕದ್ದು. ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದಿಟ್ಟು, ಅಪಘಾತದ ನಂತರ ವಿಮಾ ಕಂಪನಿಯು ಪರಿಹಾರಕ್ಕೆ ಆಕ್ಷೇಪಣೆ ಎತ್ತಬಹುದು. ಆ ಸಂದರ್ಭದಲ್ಲಿ ಹೊರೆ ಇಡೀ ಕುಟುಂಬದ ಮೇಲೆ ಬೀಳುತ್ತದೆ.

7. ಹಳೆಯ ಕಾರು ಕೊಳ್ಳುವವರಿಗೆ ಸೂಚನೆ

ಹಣ ಪಾವತಿಸುವ ಮುನ್ನ ಇಂಜಿನ್ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಸ್ವತಃ ನೋಡಿ, ನೋಂದಣಿ ಪ್ರಮಾಣಪತ್ರದೊಂದಿಗೆ ಹೋಲಿಸುವುದು. ಇಂಧನದ ಬಗೆ ಮತ್ತು ಇಂಜಿನ್ ಸಾಮರ್ಥ್ಯವನ್ನೂ ಪರಿಶೀಲಿಸುವುದು. ವ್ಯತ್ಯಾಸ ಕಂಡುಬಂದಲ್ಲಿ, ಅದನ್ನು ಸರಿಪಡಿಸಿಕೊಡುವಂತೆ ಮಾರುವವರಿಗೇ ತಿಳಿಸುವುದು. ಈಗಾಗಲೇ ಬೇರೆ ಬಗೆಯ ಇಂಜಿನ್ ಇರುವ ಕಾರನ್ನು ಕೊಂಡಿದ್ದಲ್ಲಿ, ನವೀಕರಣದ ದಿನದವರೆಗೆ ಕಾಯದೆ, ಮೂಲ ಮಾದರಿಯ ಇಂಜಿನ್ ಮರುಜೋಡಿಸುವ ಬಗ್ಗೆ ಕಛೇರಿಯಲ್ಲಿ ವಿಚಾರಿಸುವುದು ಒಳಿತು.

8. ಉಲ್ಲಂಘನೆಯ ಪರಿಣಾಮ

2019ರ ತಿದ್ದುಪಡಿಯು ಕಲಂ 182ಎ ಅನ್ನು ಸೇರಿಸಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ಗೊತ್ತುಪಡಿಸಿತು. ಇದಲ್ಲದೆ ನೋಂದಣಿಯ ಅಮಾನತು ಅಥವಾ ರದ್ದತಿಗೂ ಅವಕಾಶವಿದೆ.

ಹಳೆಯ ಕಾರಿನ ಮೇಲಿನ ಅಭಿಮಾನವನ್ನು ಕಾನೂನು ತಡೆಯುವುದಿಲ್ಲ. ಕಾರು ಮತ್ತು ಅದರ ದಾಖಲೆ ಒಂದೇ ಮಾತನ್ನು ಹೇಳಬೇಕೆಂಬುದಷ್ಟೇ ಕಾನೂನಿನ ಅಪೇಕ್ಷೆ. ಸಂದೇಹವಿದ್ದಲ್ಲಿ, ಗ್ಯಾರೇಜಿಗೆ ಹೋಗುವ ಮುನ್ನ ಕಛೇರಿಗೆ ಬಂದು ವಿಚಾರಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.