ದ್ರಾಕ್ಷಿಗೊಂದು ಕಾನೂನು, ನಮ್ಮ ಮಕ್ಕಳಿಗೊಂದು ಕಾನೂನೇ?

ನಮ್ಮ ದೇಶದಲ್ಲಿ ವಿಷ ಸಿಂಪಡಿಸಲು ನಿಯಮಗಳೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಯಮಗಳು ಬೇಕಾದಷ್ಟಿವೆ. ಇಲ್ಲದಿರುವುದು ಅವನ್ನು ಜಾರಿಗೆ ತರುವ ಮನಸ್ಸು.

ಜತ್ತ ತಾಲೂಕಿನ ನಾವು ದ್ರಾಕ್ಷಿ, ದಾಳಿಂಬೆ ಬೆಳೆಯುವವರು. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕ ಮಿತಿ ಮೀರಿದೆ ಎಂದು ಯುರೋಪಿನವರು ಮಾಲು ತಡೆದರು. ಇಂದು ಅಲ್ಲಿಗೆ ಹೋಗುವ ದ್ರಾಕ್ಷಿಯ ತೋಟಕ್ಕೆ ನೋಂದಣಿ ಬೇಕು, ಹಣ್ಣಿಗೆ ಪ್ರಯೋಗಾಲಯದ ಪರೀಕ್ಷೆ ಬೇಕು. ಒಳ್ಳೆಯದೇ. ಆದರೆ ಅದೇ ತೋಟದಲ್ಲಿ ಪಂಪು ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಕೂಲಿಕಾರನ ರಕ್ತ ಪರೀಕ್ಷಿಸುವವರು ಯಾರು? ಪಕ್ಕದ ಬಾವಿಯ ನೀರು ಕುಡಿಯುವ ಮಕ್ಕಳ ಲೆಕ್ಕ ಇಡುವವರು ಯಾರು?

ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂದು ತಿಳಿಯಲು ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡಿಗರನ್ನು ನೋಡಿ. ಅಲ್ಲಿ ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ ಎರಡು ದಶಕಕ್ಕೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. 1971ರ ಕೀಟನಾಶಕ ನಿಯಮಗಳ ಪ್ರಕಾರ ಆಕಾಶದಿಂದ ಸಿಂಪಡಿಸುವ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಜನ-ದನ ಆ ಜಾಗಕ್ಕೆ ಹೋಗದಂತೆ ತಡೆಯಬೇಕು. ಆದರೆ ಅಲ್ಲಿ ತೋಟದ ಬುಡದಲ್ಲೇ ಮನೆ, ತೊರೆ, ಶಾಲೆ! ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಶಾಲಾಮಕ್ಕಳ ರಕ್ತದಲ್ಲೇ ಆ ವಿಷ ಸಿಕ್ಕಿತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ, ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಬರೀ 8 ಜನರಿಗೆ! ಐದು ವರ್ಷಕ್ಕೆ ಎಂಟು ಜನ.

ಪರದೇಶದ ಗಿರಾಕಿ ಮಾಲು ತಿರಸ್ಕರಿಸಿದರೆ ಇಡೀ ಸರ್ಕಾರ ಎದ್ದು ಕೂರುತ್ತದೆ. ಬಡವರ ಮಗು ಹಾಸಿಗೆ ಹಿಡಿದರೆ ಕಡತ ಮಲಗುತ್ತದೆ. ಇದೇ ನಮ್ಮ ತಕರಾರು.

ಪಾಲಕರೇ, ಶಿಕ್ಷಕ ಬಂಧುಗಳೇ, ನಾವು ಮಾಡಬಹುದಾದ ಒಂದು ಕೆಲಸವಿದೆ. ಅದೇ 1971ರ ನಿಯಮಗಳು ಕೀಟನಾಶಕದ ಲೇಬಲ್ಲು, ಮಾಹಿತಿ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಭಾಷೆಗಳಲ್ಲೂ ಇರಬೇಕು ಎನ್ನುತ್ತವೆ. ಜತ್ತದ ಹಳ್ಳಿಗಳಲ್ಲಿ ಮರಾಠಿಯಂತೆ ಕನ್ನಡವೂ ಬಳಕೆಯ ಭಾಷೆ. ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ತಿರುಗಿಸಿ ನೋಡಿ, ಕನ್ನಡ ಇದೆಯೇ? ಇಲ್ಲದಿದ್ದರೆ ಕೃಷಿ ಇಲಾಖೆಯ ಕೀಟನಾಶಕ ನಿರೀಕ್ಷಕರಿಗೆ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಸಹಿ-ಶಿಕ್ಕೆ ಹಾಕಿಸಿಕೊಳ್ಳಿ. ಶಾಲೆಯ ಬಾವಿ, ಬೋರ್‌ವೆಲ್ ನೀರಿನ ಪರೀಕ್ಷಾ ವರದಿಯನ್ನು ಗ್ರಾಮಸಭೆಯಲ್ಲಿ ಓದಿಸಿ.

ಕನ್ನಡದಲ್ಲಿ ಕಲಿಯುವ ಮಗು ವಿಷದ ಡಬ್ಬಿಯ ಮೇಲಿನ ಎಚ್ಚರಿಕೆಯನ್ನೂ ಕನ್ನಡದಲ್ಲಿ ಓದಬೇಕು. ಭಾಷೆಯ ಹಕ್ಕು ಎಂದರೆ ಬರೀ ಪಠ್ಯಪುಸ್ತಕವಲ್ಲ, ಜೀವ ಉಳಿಸಿಕೊಳ್ಳುವ ಹಕ್ಕೂ ಹೌದು.