ಸೋತವರ ಬೆಂಬಲಿಗರು ಯಾರ ಸೊತ್ತೂ ಅಲ್ಲ

ಅಮೇರಿಕದಲ್ಲಿ ಪಕ್ಷದೊಳಗಿನ ಸ್ಪರ್ಧೆಯನ್ನು ಗೆದ್ದು ಅಧ್ಯಕ್ಷ ಪದವಿಯ ಅಭ್ಯರ್ಥಿಯಾದವರ ಮುಂದೆ ಎರಡು ಕೆಲಸಗಳಿರುತ್ತವೆ. ಒಂದು, ಉಪಾಧ್ಯಕ್ಷ ಪದವಿಗೆ ತಮ್ಮ ಜೊತೆಗಾರರನ್ನು ಆರಿಸುವುದು. ಇನ್ನೊಂದು, ತಮ್ಮೆದುರು ಸೋತವರ ಬೆಂಬಲಿಗರನ್ನು ಒಲಿಸಿಕೊಳ್ಳುವುದು. ಮೊದಲನೆಯದನ್ನು ಜಾಣತನದಿಂದ ಮಾಡಿದರೆ ಎರಡನೆಯದು ತಾನಾಗಿಯೇ ನೆರವೇರುತ್ತದೆ ಎಂದು ರಾಜಕೀಯ ಪಂಡಿತರು ಹೇಳುವುದುಂಟು. ಸರಿಯಾದ ಹೆಸರೊಂದನ್ನು ಸೇರಿಸಿದರೆ ಸಾಕು, ಮುನಿಸಿಕೊಂಡವರೆಲ್ಲ ಮರಳಿ ಬರುತ್ತಾರೆ ಎಂಬುದು ಅವರ ಲೆಕ್ಕ. ಆದರೆ ಜನರು ಲೆಕ್ಕದ ಅಂಕಿಗಳಲ್ಲ. ಅವರಿಗೆ ಅಭಿಮಾನವಿದೆ, ಬೇಡಿಕೆಗಳಿವೆ, ನೆನಪೂ ಇದೆ. 2008ರಿಂದ 2024ರವರೆಗಿನ ಅಮೇರಿಕದ ಚುನಾವಣೆಗಳು ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿವೆ.

ನಮ್ಮ ದೇಶದಲ್ಲಿ ಉಪರಾಷ್ಟ್ರಪತಿಯನ್ನು ಸಂಸತ್ತಿನ ಸದಸ್ಯರು ಪ್ರತ್ಯೇಕವಾಗಿ ಆರಿಸುತ್ತಾರೆ. ಅಮೇರಿಕದಲ್ಲಿ ಹಾಗಲ್ಲ. ಅಲ್ಲಿ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಅಭ್ಯರ್ಥಿಗಳು ಜೋಡಿಯಾಗಿ ಸ್ಪರ್ಧಿಸುತ್ತಾರೆ. ಮತದಾರನು ಹಾಕುವ ಒಂದೇ ಮತ ಇಬ್ಬರಿಗೂ ಸಲ್ಲುತ್ತದೆ. ಆರಂಭದಲ್ಲಿ ಅಲ್ಲಿಯೂ ಬೇರೆ ಪದ್ಧತಿಯಿತ್ತು. ಎರಡನೆಯ ಸ್ಥಾನ ಪಡೆದವನೇ ಉಪಾಧ್ಯಕ್ಷನಾಗುತ್ತಿದ್ದ. ಹಾಗಾಗಿ 1796ರಲ್ಲಿ ಜಾನ್ ಆಡಮ್ಸ್ ಅಧ್ಯಕ್ಷರಾದಾಗ ಅವರ ಎದುರಾಳಿ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾದರು. 1804ರ ಸಂವಿಧಾನ ತಿದ್ದುಪಡಿ ಆ ಕ್ರಮವನ್ನು ಕೊನೆಗೊಳಿಸಿತು. ಆದರೂ ಸೋತ ಎದುರಾಳಿಯನ್ನೇ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವ ರೂಢಿ ಪೂರ್ತಿ ಅಳಿಯಲಿಲ್ಲ. 1960ರಲ್ಲಿ ಜಾನ್ ಕೆನಡಿಯವರು ತಮ್ಮೆದುರು ಸೋತ ಟೆಕ್ಸಾಸ್‌ನ ಲಿಂಡನ್ ಜಾನ್ಸನ್‌ರನ್ನು ಆರಿಸಿಕೊಂಡರು. 1980ರಲ್ಲಿ ರೊನಾಲ್ಡ್ ರೇಗನ್‌ರು ತಮ್ಮ ಆರ್ಥಿಕ ನೀತಿಯನ್ನು ಮಾಟಮಂತ್ರವೆಂದು ಗೇಲಿ ಮಾಡಿದ್ದ ಜಾರ್ಜ್ ಬುಷ್ ಹಿರಿಯರನ್ನೇ ಜೊತೆಗೆ ಸೇರಿಸಿಕೊಂಡರು. ಇಬ್ಬರೂ ಗೆದ್ದರು.

2008ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್‌ರ ನಡುವೆ ನಡೆದ ಸ್ಪರ್ಧೆ ಸಾಮಾನ್ಯವಾದುದಾಗಿರಲಿಲ್ಲ. ಜನವರಿಯ ಆರಂಭದಲ್ಲಿ ತೊಡಗಿದ ಕದನ ಜೂನ್ 3ರವರೆಗೆ ಎಳೆಯಿತು. ಇಬ್ಬರಿಗೂ ತಲಾ 1.7 ಕೋಟಿಗಿಂತ ಹೆಚ್ಚು ಮತಗಳು ಬಿದ್ದವು. ಒಬಾಮರ ಗೆಲುವು ಬಹುತೇಕ ಖಚಿತವಾಗಿದ್ದ ಮೇ ತಿಂಗಳಲ್ಲೂ ಪಶ್ಚಿಮ ವರ್ಜೀನಿಯ ರಾಜ್ಯ ಹಿಲರಿಯವರಿಗೆ 67 ಶೇಕಡಾ ಮತ ನೀಡಿತು. ಕೆಂಟಕಿ 65 ಶೇಕಡಾ ನೀಡಿತು. ಗೆಲ್ಲುವ ಅಭ್ಯರ್ಥಿ ಯಾರೆಂದು ತಿಳಿದ ಮೇಲೂ ಜನರು ಅವರನ್ನು ಒಪ್ಪಲು ಸಿದ್ಧರಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೊದಲ ಬಾರಿಗೆ ಓರ್ವ ಮಹಿಳೆ ಅಧ್ಯಕ್ಷೆಯಾಗುವುದನ್ನು ಕಾಣಲು ಕಾದಿದ್ದ ಲಕ್ಷಾಂತರ ಮಂದಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದ ನೋವಿತ್ತು.

ಇಂತಹ ಸ್ಥಿತಿಯಲ್ಲಿ ಹಿಲರಿಯವರನ್ನೇ ಉಪಾಧ್ಯಕ್ಷ ಅಭ್ಯರ್ಥಿಯಾಗಿಸಬೇಕೆಂಬ ಒತ್ತಡ ಒಬಾಮರ ಮೇಲೆ ಬಲವಾಗಿತ್ತು. ಅವರು ಹಾಗೆ ಮಾಡಲಿಲ್ಲ. 2008ರ ಆಗಸ್ಟ್ 23ರಂದು ಡೆಲಾವೇರ್‌ನ ಸೆನೆಟರ್ ಜೋ ಬೈಡನ್‌ರ ಹೆಸರನ್ನು ಪ್ರಕಟಿಸಿದರು. ಬೈಡನ್ ಕೂಡ ಅದೇ ವರ್ಷ ಸ್ಪರ್ಧೆಗಿಳಿದು, ಅಯೋವದ ಮೊದಲ ಸುತ್ತಿನಲ್ಲೇ ಹಿಂದೆ ಸರಿದವರು. 1973ರಿಂದ ಸೆನೆಟ್ ಸದಸ್ಯರು, ವಿದೇಶಾಂಗ ಸಮಿತಿಯ ಅಧ್ಯಕ್ಷರು. ಒಬಾಮರಿಗೆ ಅನುಭವ ಸಾಲದು ಎಂಬ ಆಕ್ಷೇಪಕ್ಕೆ ಅವರು ಉತ್ತರವಾಗಿದ್ದರು. ಇನ್ನೊಂದು ಲೆಕ್ಕವೂ ಇತ್ತು. ಬೈಡನ್ ಹುಟ್ಟಿದ್ದು ಪೆನ್ಸಿಲ್ವೇನಿಯದ ಸ್ಕ್ರಾಂಟನ್ ಎಂಬ ದುಡಿಯುವ ಜನರ ಪಟ್ಟಣದಲ್ಲಿ. ಹಿಲರಿಯವರ ತಂದೆಯ ಊರೂ ಅದೇ. ಹಿಲರಿಯವರನ್ನು ಕೈಹಿಡಿದ ಶ್ರಮಿಕ ವರ್ಗದ ಮತದಾರರಿಗೆ ಬೈಡನ್ ತಮ್ಮವರಂತೆ ಕಂಡಾರು ಎಂಬುದು ಆ ಎಣಿಕೆ.

ಆದರೆ ಹಿಲರಿಯವರ ಬೆಂಬಲಿಗರು ಮರಳಿದ್ದು ಬೈಡನ್‌ರ ಹೆಸರೊಂದರಿಂದಲೇ ಎಂದು ನಾವು ಭಾವಿಸುವುದಿಲ್ಲ. ಅದಕ್ಕೆ ಮೊದಲೇ ಹಲವು ಕೆಲಸಗಳು ನಡೆದಿದ್ದವು. ಜೂನ್ 7ರಂದು ಹಿಲರಿಯವರು ತಮ್ಮ ಅಭಿಯಾನವನ್ನು ನಿಲ್ಲಿಸಿ ಒಬಾಮರಿಗೆ ಬಹಿರಂಗ ಬೆಂಬಲ ಘೋಷಿಸಿದರು. ಜೂನ್ 27ರಂದು ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಪುಟ್ಟ ಊರಿನಲ್ಲಿ ಒಂದೇ ವೇದಿಕೆಯಲ್ಲಿ ನಿಂತರು. ಯೂನಿಟಿ ಎಂದರೆ ಐಕ್ಯ. ಜನವರಿಯಲ್ಲಿ ಆ ಊರು ಇಬ್ಬರಿಗೂ ಸರಿಯಾಗಿ ತಲಾ 107 ಮತ ನೀಡಿತ್ತು. ಹಿಲರಿಯವರ ಪ್ರಚಾರದ ಸಾಲ 2 ಕೋಟಿ ಡಾಲರನ್ನು ಮೀರಿತ್ತು. ಒಬಾಮ ದಂಪತಿಗಳು ಕಾನೂನಿನ ಮಿತಿಯೊಳಗೆ ತಲಾ 2,300 ಡಾಲರ್ ನೀಡಿ, ಆ ಸಾಲ ತೀರಿಸಲು ನೆರವಾಗುವಂತೆ ತಮ್ಮ ದಾನಿಗಳನ್ನೂ ಕೋರಿದರು. ನಿಯಮ ಮೀರಿ ಬೇಗನೆ ಮತದಾನ ನಡೆಸಿದ್ದಕ್ಕಾಗಿ ಫ್ಲೋರಿಡ ಮತ್ತು ಮಿಶಿಗನ್‌ನ ಪ್ರತಿನಿಧಿಗಳ ಮತದ ಹಕ್ಕನ್ನು ಪಕ್ಷ ಮೊಟಕುಗೊಳಿಸಿತ್ತು. ಎರಡೂ ಕಡೆ ಹಿಲರಿಯವರೇ ಮುಂದಿದ್ದರು. ಆಗಸ್ಟ್‌ನಲ್ಲಿ ಒಬಾಮರ ಕೋರಿಕೆಯ ಮೇರೆಗೆ ಆ ಹಕ್ಕನ್ನು ಪೂರ್ಣವಾಗಿ ಮರಳಿಸಲಾಯಿತು.

ಡೆನ್ವರ್‌ನ ರಾಷ್ಟ್ರೀಯ ಸಮಾವೇಶದಲ್ಲಿ ಹಿಲರಿಯವರ ಹೆಸರನ್ನೂ ವಿಧಿವತ್ತಾಗಿ ಸೂಚಿಸಲು ಅವಕಾಶ ನೀಡಲಾಯಿತು. ಅವರ ಪ್ರತಿನಿಧಿಗಳು ಅವರಿಗೇ ಮತ ಹಾಕಬಹುದಿತ್ತು. ಆಗಸ್ಟ್ 27ರಂದು ಮತ ಎಣಿಕೆ ಅರ್ಧಕ್ಕೆ ಬಂದಾಗ ಹಿಲರಿಯವರೇ ನ್ಯೂಯಾರ್ಕ್ ಪ್ರತಿನಿಧಿಗಳ ನಡುವಿನಿಂದ ಎದ್ದು, ಎಣಿಕೆಯನ್ನು ನಿಲ್ಲಿಸಿ ಒಬಾಮರನ್ನು ಸರ್ವಾನುಮತದಿಂದ ಅಭ್ಯರ್ಥಿಯೆಂದು ಘೋಷಿಸಬೇಕೆಂದು ಸೂಚಿಸಿದರು. ಸೋತವರಿಗೆ ಸೋಲನ್ನು ಘನತೆಯಿಂದ ಒಪ್ಪಿಕೊಳ್ಳುವ ದಾರಿಯನ್ನು ಗೆದ್ದವರು ತೆರೆದಿಟ್ಟರು. ಸೋತವರೂ ಆ ದಾರಿಯಲ್ಲಿ ನಡೆದರು. ಎರಡರಲ್ಲಿ ಒಂದು ತಪ್ಪಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು.

ಎದುರು ಪಕ್ಷ ಏನು ಮಾಡಿತು? ಆಗಸ್ಟ್ 29ರಂದು ಜಾನ್ ಮೆಕೇನ್‌ರು ಅಲಾಸ್ಕದ ರಾಜ್ಯಪಾಲೆ ಸಾರಾ ಪಾಲಿನ್‌ರನ್ನು ಉಪಾಧ್ಯಕ್ಷ ಅಭ್ಯರ್ಥಿಯೆಂದು ಪ್ರಕಟಿಸಿದರು. ಪಾಲಿನ್ ತಮ್ಮ ಮೊದಲ ಭಾಷಣದಲ್ಲೇ ಹಿಲರಿಯವರನ್ನು ಹೊಗಳಿದರು. ಮಹಿಳೆಗೆ ಬದಲಾಗಿ ಮಹಿಳೆಯನ್ನು ಕೊಟ್ಟರೆ ಮಹಿಳೆಯರು ಬರುತ್ತಾರೆ ಎಂಬ ಭಾವನೆ ಅದರ ಹಿಂದಿತ್ತು. ಆದರೆ ಆರೋಗ್ಯ ವಿಮೆ, ಸಮಾನ ವೇತನ ಮುಂತಾದ ವಿಷಯಗಳಲ್ಲಿ ಹಿಲರಿಯವರು ಹೇಳುತ್ತಿದ್ದುದಕ್ಕೆ ಪಾಲಿನ್‌ರ ನಿಲುವು ಹತ್ತಿರವೂ ಇರಲಿಲ್ಲ. ಮತಗಟ್ಟೆ ಸಮೀಕ್ಷೆಗಳ ಪ್ರಕಾರ 56 ಶೇಕಡಾ ಮಹಿಳೆಯರು ಒಬಾಮರಿಗೇ ಮತ ಹಾಕಿದರು. ಹಿಲರಿಯವರನ್ನು ಬೆಂಬಲಿಸಿದ್ದ ಡೆಮಾಕ್ರಟಿಕ್ ಮತದಾರರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಅವರ ಕಡೆಗೆ ಬಂದರು. ಒಬಾಮ 365 ಎಲೆಕ್ಟೋರಲ್ ಮತಗಳಿಂದ ಗೆದ್ದರು. ಮೆಕೇನ್‌ರಿಗೆ ಸಿಕ್ಕಿದ್ದು 173. ತಮ್ಮ ವರ್ಗದ ಓರ್ವರಿಗೆ ಕುರ್ಚಿ ಕೊಟ್ಟು ತಮ್ಮ ಬೇಡಿಕೆಯನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಜನರು ಮರುಳಾಗುವುದಿಲ್ಲ.

ಸೋತವರ ಪಾಲಿಗೆ ಗೆಲುವಿನ ಬಳಿಕ ಏನು ಸಿಕ್ಕಿತು ಎಂಬುದೂ ಮುಖ್ಯ. ಹಿಲರಿಯವರು 2009ರಿಂದ 2013ರವರೆಗೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. 2009ರ ಜನವರಿ 29ರಂದು ಒಬಾಮ ಸಹಿ ಹಾಕಿದ ಮೊದಲ ಮಸೂದೆ ಮಹಿಳೆಯರ ಸಮಾನ ವೇತನಕ್ಕೆ ಸಂಬಂಧಿಸಿದ್ದು. ಪ್ರತಿಯೊಬ್ಬರೂ ಆರೋಗ್ಯ ವಿಮೆ ಹೊಂದಿರಲೇಬೇಕೆಂಬ ಹಿಲರಿಯವರ ಪ್ರಸ್ತಾಪವನ್ನು ಒಬಾಮ 2008ರ ಸ್ಪರ್ಧೆಯಲ್ಲಿ ವಿರೋಧಿಸಿದ್ದರು. 2010ರ ಮಾರ್ಚ್‌ನಲ್ಲಿ ಅವರು ಜಾರಿಗೆ ತಂದ ಆರೋಗ್ಯ ಕಾನೂನಿನಲ್ಲಿ ಅದೇ ಅಂಶ ಸೇರಿತ್ತು. ಸೋತವರ ವಿಚಾರ ಗೆದ್ದವರ ಕಾನೂನಾಗುವುದಕ್ಕಿಂತ ದೊಡ್ಡ ಗೌರವ ಬೇರೇನಿದೆ?

2016ರಲ್ಲಿ ಹಿಲರಿಯವರೇ ಗೆದ್ದ ಸ್ಥಾನದಲ್ಲಿದ್ದರು, ಸೋತವರು ಬರ್ನಿ ಸ್ಯಾಂಡರ್ಸ್. ಸ್ಯಾಂಡರ್ಸ್ ಜುಲೈ 12ರಂದು ಅವರಿಗೆ ಬೆಂಬಲ ಘೋಷಿಸಿದರು. ಆದರೆ ಜುಲೈ 22ರಂದು, ಸಮಾವೇಶಕ್ಕೆ ಮೂರೇ ದಿನಗಳಿರುವಾಗ, ಪಕ್ಷದ ರಾಷ್ಟ್ರೀಯ ಸಮಿತಿಯ ಇಮೇಲ್‌ಗಳು ಬಹಿರಂಗಗೊಂಡವು. ತಟಸ್ಥವಾಗಿರಬೇಕಾದ ಅಧಿಕಾರಿಗಳು ಸ್ಯಾಂಡರ್ಸ್‌ರ ವಿರುದ್ಧ ಮಾತನಾಡಿಕೊಂಡದ್ದು ಬೆಳಕಿಗೆ ಬಂತು. ಸಮಿತಿಯ ಅಧ್ಯಕ್ಷೆ ಸ್ಥಾನ ತ್ಯಜಿಸಬೇಕಾಯಿತು. ಅದೇ 22ರಂದು ಹಿಲರಿಯವರು ಆರಿಸಿದ ಟಿಮ್ ಕೇನ್ ಅನುಭವಿ ಸೆನೆಟರ್ ಆಗಿದ್ದರೂ ಸ್ಯಾಂಡರ್ಸ್‌ರ ಯುವ ಬೆಂಬಲಿಗರು ಎತ್ತಿದ ವಿಷಯಗಳ ಪ್ರತಿನಿಧಿಯಾಗಿರಲಿಲ್ಲ. ಪಕ್ಷದೊಳಗೆ ಸ್ಯಾಂಡರ್ಸ್ ಗೆದ್ದಿದ್ದ ಮಿಶಿಗನ್ ಮತ್ತು ವಿಸ್ಕಾನ್ಸಿನ್ ಎರಡನ್ನೂ ನವೆಂಬರಿನಲ್ಲಿ ಹಿಲರಿ ಕಳೆದುಕೊಂಡರು. ಮಿಶಿಗನ್‌ನಲ್ಲಿ ಅಂತರ 11 ಸಾವಿರಕ್ಕಿಂತ ಕಡಿಮೆ. ಆ ಸೋಲಿಗೆ ಕಾರಣಗಳು ಹಲವು. ಸ್ಪರ್ಧೆಯೇ ನ್ಯಾಯಯುತವಾಗಿರಲಿಲ್ಲ ಎಂದು ನಂಬಿದವರನ್ನು ಉಪಾಧ್ಯಕ್ಷ ಅಭ್ಯರ್ಥಿಯ ಹೆಸರಿನಿಂದ ಸಮಾಧಾನಪಡಿಸಲಾಗದು ಎಂಬುದಂತೂ ನಿಜ.

ಇಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಮುನಿಸಿಕೊಂಡು ಬೇರೆಡೆಗೆ ಹೋಗಬಲ್ಲವರನ್ನು ಎಲ್ಲರೂ ಓಲೈಸುತ್ತಾರೆ. ಬೇರೆ ದಾರಿಯಿಲ್ಲದೆ ತಮ್ಮೊಂದಿಗೇ ಉಳಿಯುತ್ತಾರೆಂದು ಭಾವಿಸಲಾದವರ ಗತಿಯೇನು? 2002ರಲ್ಲಿ ಇರಾಕ್ ಯುದ್ಧವನ್ನು ವಿರೋಧಿಸಿದ್ದೇ ಒಬಾಮರ ದೊಡ್ಡ ಬಂಡವಾಳವಾಗಿತ್ತು. ಆದರೂ ಅವರು ಆರಿಸಿದ ಬೈಡನ್ ಅದೇ ವರ್ಷ ಆ ಯುದ್ಧಕ್ಕೆ ಅಧಿಕಾರ ನೀಡುವ ನಿರ್ಣಯಕ್ಕೆ ಮತ ಹಾಕಿದ್ದವರು. ಯುದ್ಧವಿರೋಧಿಗಳು ಎಲ್ಲಿಗೂ ಹೋಗಲಾರರು ಎಂಬ ಧೈರ್ಯ ಅಲ್ಲಿ ಕಾಣುತ್ತದೆ. 2008ರ ಜೂನ್ 16ರಂದು ಡೆಟ್ರಾಯಿಟ್‌ನ ಸಭೆಯಲ್ಲಿ ಶಿರವಸ್ತ್ರ ಧರಿಸಿದ್ದ ಇಬ್ಬರು ಮುಸ್ಲಿಮ್ ಯುವತಿಯರನ್ನು ವೇದಿಕೆಯ ಹಿಂಬದಿಯಲ್ಲಿ, ಅಂದರೆ ಕ್ಯಾಮೆರಾ ಕಣ್ಣಿಗೆ ಬೀಳುವಲ್ಲಿ, ಕುಳಿತುಕೊಳ್ಳದಂತೆ ಸ್ವಯಂಸೇವಕರು ತಡೆದರು. ಒಬಾಮ ಅವರಿಗೆ ಸ್ವತಃ ದೂರವಾಣಿ ಕರೆ ಮಾಡಿ ಕ್ಷಮೆ ಕೇಳಿದರು. ಅದು ಅವರ ದೊಡ್ಡತನ. ಆದರೆ ಆ ಸ್ವಯಂಸೇವಕರಿಗೆ ಹಾಗೆ ತೋಚಿದ್ದೇಕೆ? ಮುಸ್ಲಿಮರ ಮತ ಬೇಕು, ಮುಖ ಬೇಡ ಎಂಬ ಅಂಜಿಕೆ ಪ್ರಚಾರದ ಗಾಳಿಯಲ್ಲೇ ಸೇರಿಕೊಂಡಿತ್ತು.

ಹದಿನಾರು ವರ್ಷಗಳ ಬಳಿಕ ಅದೇ ಮಿಶಿಗನ್‌ನಲ್ಲಿ ಆ ಧೋರಣೆಯ ಬೆಲೆ ಕಾಣಿಸಿತು. 2024ರ ಫೆಬ್ರವರಿ 27ರಂದು ಪಕ್ಷದೊಳಗಿನ ಮತದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ, ಗಾಝಾ ಯುದ್ಧದ ಕುರಿತ ಬೈಡನ್‌ರ ನೀತಿಯನ್ನು ಪ್ರತಿಭಟಿಸಿ, ಯಾವ ಅಭ್ಯರ್ಥಿಗೂ ಬದ್ಧರಲ್ಲ ಎಂಬ ಆಯ್ಕೆಗೆ ಮತ ಹಾಕಿದರು. ಜುಲೈನಲ್ಲಿ ಬೈಡನ್ ಹಿಂದೆ ಸರಿದು ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು. ಆಗಸ್ಟ್ 6ರಂದು ಅವರು ಟಿಮ್ ವಾಲ್ಜ್‌ರನ್ನು ಆರಿಸಿದಾಗ ಈ ಪ್ರತಿಭಟನಕಾರರಲ್ಲೂ ಸ್ವಲ್ಪ ಆಸೆ ಮೂಡಿತು. ಶಿಕಾಗೋ ಸಮಾವೇಶದಲ್ಲಿ ಅವರ ಒಂದು ಬೇಡಿಕೆ ಸಣ್ಣದಾಗಿತ್ತು: ಓರ್ವ ಫೆಲೆಸ್ತೀನಿ ಮೂಲದ ಅಮೇರಿಕನ್ನರಿಗೆ ಕೆಲವು ನಿಮಿಷ ಮಾತನಾಡಲು ಅವಕಾಶ. ಒತ್ತೆಯಾಳಾಗಿದ್ದ ಯುವಕನೊಬ್ಬನ ತಂದೆ ತಾಯಿಗೆ ಅದೇ ವೇದಿಕೆ ದೊರೆತಿತ್ತು, ಅದು ಸರಿಯೇ. ರಿಪಬ್ಲಿಕನ್ ಪಕ್ಷದ ಮಾಜಿ ಸಂಸದರಿಗೂ ದೊರೆಯಿತು. ಇವರಿಗೆ ಮಾತ್ರ ದೊರೆಯಲಿಲ್ಲ. ಅಕ್ಟೋಬರಿನಲ್ಲಿ ಹ್ಯಾರಿಸ್‌ರು ಮಿಶಿಗನ್‌ಗೆ ಬಂದಾಗ ಪಕ್ಕದಲ್ಲಿದ್ದವರು ಲಿಜ್ ಚೆನಿ, ಇರಾಕ್ ಯುದ್ಧದ ಕಾಲದ ಉಪಾಧ್ಯಕ್ಷ ಡಿಕ್ ಚೆನಿಯವರ ಮಗಳು. ಎದುರು ಪಕ್ಷದ ಅತೃಪ್ತರನ್ನು ಒಲಿಸುವ ಆತುರದಲ್ಲಿ ಮನೆಯವರನ್ನೇ ಮರೆತದ್ದು ಹೀಗೆ. ಹಿತ್ತಲ ಗಿಡ ಮದ್ದಲ್ಲ!

ಅರಬ್ ಮೂಲದವರು ಬಹುಸಂಖ್ಯೆಯಲ್ಲಿರುವ ಡಿಯರ್‌ಬಾರ್ನ್ ನಗರ 2020ರಲ್ಲಿ ಬೈಡನ್‌ರಿಗೆ ಮೂರನೆಯ ಎರಡಂಶಕ್ಕೂ ಹೆಚ್ಚು ಮತ ನೀಡಿತ್ತು. 2024ರಲ್ಲಿ ಅಲ್ಲಿ ಟ್ರಂಪ್‌ರಿಗೆ 42 ಶೇಕಡಾ, ಹ್ಯಾರಿಸ್‌ರಿಗೆ 36, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ರಿಗೆ 18 ಶೇಕಡಾ ಬಿತ್ತು. ಇಡೀ ಮಿಶಿಗನ್ ಸುಮಾರು 80 ಸಾವಿರ ಮತಗಳಿಂದ ಕೈತಪ್ಪಿತು. ಹ್ಯಾರಿಸ್‌ರು ನಿರ್ಣಾಯಕವೆನಿಸಿದ ಏಳೂ ರಾಜ್ಯಗಳಲ್ಲಿ ಸೋತರು, ಆದ್ದರಿಂದ ಈ ಒಂದು ಕಾರಣಕ್ಕೇ ಅಧಿಕಾರ ಹೋಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು.

ಅದೇ ವೇಳೆ ಮುನಿದವರ ನಡೆಯನ್ನೂ ನಾವು ವಿಮರ್ಶಿಸಬೇಕು. ಅವರಲ್ಲಿ ಅನೇಕರು ಶಾಂತಿಯ ಭರವಸೆಯನ್ನು ನಂಬಿ ಟ್ರಂಪ್‌ರಿಗೆ ಮತ ಹಾಕಿದ್ದರು. 2025ರ ಫೆಬ್ರವರಿ 4ರಂದು ಟ್ರಂಪ್‌ರು ಗಾಝಾವನ್ನು ಅಮೇರಿಕವೇ ವಶಕ್ಕೆ ತೆಗೆದುಕೊಳ್ಳುವ, ಅಲ್ಲಿನ ಜನರನ್ನು ಬೇರೆಡೆಗೆ ಸಾಗಿಸುವ ಮಾತನ್ನಾಡಿದರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಸಿಟ್ಟು ನ್ಯಾಯವಾದುದೇ ಆಗಿರಬಹುದು. ಆದರೆ ಸಿಟ್ಟೇ ರಾಜಕೀಯ ನೀತಿಯಾಗಲಾರದು.

ಭಾರತದ ಪಟ್ಟಣಗಳಲ್ಲಿ ಬಾಳುವ ನಮಗೆ ಈ ದೂರದ ಕತೆಯಿಂದ ಏನಾಗಬೇಕಿದೆ ಎಂದು ಓದುಗರು ಕೇಳಬಹುದು. ಚುನಾವಣೆ ಬಂದಾಗ ನಮ್ಮ ಬೀದಿಗಳಲ್ಲೂ ಇಂತಹುದೇ ಲೆಕ್ಕ ನಡೆಯುತ್ತದೆ. ಒಬ್ಬರು ನಮ್ಮ ಮತವನ್ನು ಬಾರದ ಮತವೆಂದು ಬದಿಗಿಡುತ್ತಾರೆ, ಇನ್ನೊಬ್ಬರು ಹೇಗೂ ಬರುವ ಮತವೆಂದು ಜೇಬಿಗಿಳಿಸುತ್ತಾರೆ. ಎರಡೂ ಅವಮಾನವೇ. 2008ರಲ್ಲಿ ಹಿಲರಿಯವರ ಬೆಂಬಲಿಗರಿಗೆ ಗೌರವ ಸಿಕ್ಕಿದ್ದು ಅವರು ಬೇಡಿಕೊಂಡದ್ದರಿಂದಲ್ಲ, ಮುನಿಸಿಕೊಂಡು ಮನೆಯಲ್ಲಿ ಕುಳಿತದ್ದರಿಂದಲೂ ಅಲ್ಲ. ಅವರು ಸಂಘಟಿತರಾಗಿದ್ದರು, ತಮಗೇನು ಬೇಕೆಂಬುದು ಅವರಿಗೆ ಸ್ಪಷ್ಟವಿತ್ತು, ಮತ್ತು ಕೇಳಿದ ಬಳಿಕ ಜೊತೆಗೆ ನಿಂತು ದುಡಿದರು. ನಮ್ಮ ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯೊಂದಿಗೆ ಯಾರಿದ್ದಾರೆ ಎಂದು ನೋಡುವುದರ ಜೊತೆಗೆ, ಬೀದಿಯ ಶಾಲೆಗೆ, ಆಸ್ಪತ್ರೆಗೆ, ಯುವಕರ ಉದ್ಯೋಗಕ್ಕೆ, ನಮ್ಮ ಭದ್ರತೆಗೆ ಅವರು ಏನು ಮಾಡುತ್ತಾರೆ ಎಂದು ಕೇಳುವ ರೂಢಿಯನ್ನು ಬೆಳೆಸಿಕೊಳ್ಳೋಣ. ಉತ್ತರವನ್ನು ಬರೆದಿಟ್ಟುಕೊಳ್ಳೋಣ. ಐದು ವರ್ಷಗಳ ಬಳಿಕ ಅವರು ಮತ್ತೆ ಬಂದಾಗ ಆ ಕಾಗದ ನಮ್ಮ ಕೈಯಲ್ಲಿರಲಿ.