ಲೈಟಿನ ಸರದ ಡಬ್ಬಿ ರಾತ್ರಿಯೆಲ್ಲಾ ಯಾಕ ಚಾಲೂ ಇರಬೇಕು?

ದೀಪಾವಳಿಗೆ ಹಾಕಿದ ಲೈಟಿನ ಸರಾ ತುಳಸಿ ಲಗ್ನದ ತನಕಾ ಇರಲಿ, ಅದಕ್ಕ ನನ್ನ ತಕರಾರಿಲ್ಲ. ಕಾರ್ತೀಕದಾಗ ಬಾಗಲಿಗೆ ಬೆಳಕಿದ್ರ ಛಂದ. ತಕರಾರು ಇರೂದು ಆ ಸರಕ್ಕ ಹಚ್ಚಿದ ಸಣ್ಣ ಪ್ಲಾಸ್ಟಿಕ್ ಡಬ್ಬಿದು. ಒಮ್ಮೆ ಪ್ಲಗ್ ಚುಚ್ಚಿದ್ವಿ ಅಂದ್ರ ಹಬ್ಬ ಮುಗಿಯೂ ತನಕಾ ಹಗಲೂ ರಾತ್ರಿ ಅದನ್ನ ಹಂಗ ಬಿಟ್ಟಿರತೇವಿ.

"ಎಲ್‌ಇಡಿ ಅಲ್ಲೇನ್ರೀ ವೈನಿ, ಎಷ್ಟ ಕರೆಂಟ್ ತಿಂತದ?" ಅಂತ ಕೇಳತೀರಿ. ಖರೇನ. 10 ವ್ಯಾಟಿನ ಸರಾ 24 ತಾಸು ಉರಿದ್ರೂ ಕಾಲು ಯೂನಿಟ್ ಆಗೂದಿಲ್ಲ. ಇದು ಬಿಲ್ಲಿನ ಮಾತಲ್ಲ, ಜೀವದ ಮಾತು.

ಪ್ಯಾಟ್ಯಾಗ ಸಿಗೂ ಅಗ್ಗದ ಸರಗಳೊಳಗ ಭಾಳಷ್ಟಕ್ಕ ಟ್ರಾನ್ಸ್‌ಫಾರ್ಮರ್ ಇರೂದಿಲ್ಲ. ಗ್ವಾಡಿಯೊಳಗಿನ 230 ವೋಲ್ಟು ಸೀದಾ ಡಬ್ಬಿಗೆ, ಅಲ್ಲಿಂದ ಸರಕ್ಕ. ಡಬ್ಬಿ ಮ್ಯಾಲಿನ ಗುಂಡಿ ಒತ್ತಿದ್ರ ಲೈಟ್ ಕುಣಿಯೂ ರೀತಿ ಬದಲಾಗತದ, ಅಷ್ಟ. ಲೈಟ್ ಆರಿದಂಗ ಕಂಡ್ರೂ ತಂತಿಯೊಳಗ ಕರೆಂಟ್ ಇರಬಹುದು.

ಈ ಸರಾ ನಾವು ಹಾಕೂದೆಲ್ಲೆ? ಕಬ್ಬಿಣದ ಗ್ರಿಲ್ಲಿಗೆ, ತುಳಸಿ ಕಟ್ಟಿಗೆ. ಹಿಂಗಾರಿ ಮಳಿ ಬರೂದೂ ಇದ ಹೊತ್ತಿನಾಗ. ಮುಂಜಾನೆ ಎದ್ದು ಬರಿಗಾಲಲೆ, ಒದ್ದಿ ಕೈಲೆ ತುಳಸಿಗೆ ನೀರು ಹಾಕಾಕಿ ಯಾರು? ನೀವ, ನಾನ.

ಅಮೆರಿಕಾದಾಗ ಕ್ರಿಸ್‌ಮಸ್‌ಗೆ ಹಾಡಿನ ತಾಳಕ್ಕ ಮನಿ ತುಂಬ ಲೈಟ್ ಕುಣಸೂ ಮಂದಿಯೊಳಗ ಕೆಲವರು ಕಂಟ್ರೋಲರ್ ಬಂದ್ ಮಾಡೂದ ಇಲ್ಲ. ಒಳಗ ಬೆಚ್ಚಗಿದ್ರ ಥಂಡಿಗೆ ನೀರಿನ ಪಸಿ ಕೂಡೂದಿಲ್ಲ ಅನ್ನೂದು ಅವರ ವಾದ. ಅವರಿಗೆ ಅದು ಸರಿ ಇದ್ದೀತು. ಅವರವು ಹೊರಗಿಡಲಿಕ್ಕೇ ಮಾಡಿದ, ನೀರು ಹೋಗದ ಪೆಟ್ಟಿಗಿ. ನಮ್ಮ ಡಬ್ಬಿ ಸಂದಿಯೊಳಗ ಇರುವಿ ಸಂಸಾರ ಹೂಡತಾವ. ಅವರ ಲೆಕ್ಕ ನಮಗ ಹೊಂದೂದಿಲ್ಲ.

ಅದಕ್ಕ ಡಬ್ಬಿ ಮನಿ ಒಳಗಿರಲಿ, ಸರಾ ಅಷ್ಟ ಹೊರಗ. ಮಲಗೂ ಮುಂದ ಗ್ವಾಡಿ ಸ್ವಿಚ್ ಬಂದ್ ಮಾಡಿ, ಒಣ ಕೈಲೆ ಪ್ಲಗ್ ತಗೀರಿ. ತಂತಿ ಸುಲದಿದ್ರ ಟೇಪ್ ಸುತ್ತಿ ಮತ್ತೊಂದು ವರ್ಷ ನಡಸಬ್ಯಾಡ್ರಿ, ಒಗೀರಿ. ಮನ್ಯಾಗ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲಂದ್ರ ಸೀರಿ ಖರ್ಚಿನಾಗ ಸ್ವಲ್ಪ ಉಳಿಸಿ ಹಾಕಸ್ರಿ. ಇದ್ರ, ಅದರ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಿ ನೋಡ್ರಿ.

ಎಣ್ಣಿ ದೀಪಾ ಹಚ್ಚಿದ್ರ ಮಲಗೂ ಮುಂದ ಒಮ್ಮೆ ಹೋಗಿ ಬತ್ತಿ ನೋಡಿ ಬರತೇವಿ. ಸಾವಿರ ಸಲ ಮಿಣುಕೂ ಈ ದೀಪಕ್ಕೂ ಅಷ್ಟ ಲಕ್ಷ್ಯ ಇರಲಿ.